ಬಿಳಿ ದೋಣಿಯ ತೇಪೆ

ನಮ್ಮ ಪಿ.ಜೆ. ಬಡಾವಣೆಯ ತಿರುವಿನಲ್ಲಿ ಹೊಸದೊಂದು ಅಂಗಡಿ ಬಂದಿದೆ. ಬಸ್ಸು ಕಾರುಗಳು ಎಲ್ಲಾದರೂ ಗುದ್ದಿ ಮೂತಿ ಒಡೆದುಕೊಂಡು ಬಂದರೆ ಅಲ್ಲಿ ಜೋಡಿಸಿ, ಬಣ್ಣ ಹೊಡೆದು ಕಳಿಸುತ್ತಾರೆ. ಮೊನ್ನೆ ಮೊಮ್ಮಗಳ ಕೈ ಹಿಡಿದು ಅದರ ಮುಂದೆ ಹಾಯುವಾಗ ಒಂದು ವಾಸನೆ ಬಂತು. ಕಳಿತ ಬಾಳೆಹಣ್ಣಿಗೆ ವಾರ್ನಿಷ್ ಹಚ್ಚಿದರೆ ಹೇಗಿರಬಹುದೋ ಹಾಗಿದ್ದ, ಸಿಹಿ ಅನ್ನಿಸುತ್ತಲೇ ಗಂಟಲಿಗೆ ಕೈಹಾಕುವ ವಾಸನೆ. ನನ್ನ ಹೆಜ್ಜೆ ತಾನಾಗಿ ಚುರುಕಾಯಿತು.

“ಅಜ್ಜ, ನಿನ್ನ ಕೈ ಯಾಕೆ ಇಷ್ಟು ಒದ್ದೆ?” ಎಂದಳು ಹುಡುಗಿ.

ಸೆಖೆ ಎಂದು ಸುಳ್ಳು ಹೇಳಿದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೂ ದೊಡ್ಡವರು, ನಕ್ಕರೂ ಮನೆಯವರ ಮುಂದೆ ನಗಲಾರಿರಿ.

ನಾನು ಹುಟ್ಟಾ ಅಂಜುಬುರುಕ. ಇದರಲ್ಲಿ ವಿನಯವೇನೂ ಇಲ್ಲ. ನಾಯಿ, ಸಿಡಿಲು, ಸೂಜಿಮದ್ದು, ಹೆಡ್‌ಮಾಸ್ತರರ ಕೆಮ್ಮು, ಎಲ್ಲಕ್ಕೂ ಅಂಜಿದವನು. ಆದರೆ ಇವೆಲ್ಲಕ್ಕೂ ಮೇಲೆ, ಪಟ್ಟದ ರಾಣಿಯ ಹಾಗೆ ಕುಳಿತದ್ದು ನೀರಿನ ಅಂಜಿಕೆ. ಶಾಮನೂರಿನಲ್ಲಿ ನಮ್ಮ ಸೋದರಮಾವನ ತೋಟದ ಬಾವಿಯಿತ್ತು. ಬೇಸಿಗೆ ರಜೆ ಬಂತೆಂದರೆ ಮಾವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಒಬ್ಬೊಬ್ಬರನ್ನಾಗಿ ಅದರೊಳಗೆ ಎಸೆಯುತ್ತಿದ್ದ. ನನ್ನ ಸರದಿ ಬಂದ ದಿನ ನಾನು ಜೋಳದ ಕಣಜದಲ್ಲಿ ಇಳಿದು ಕುಳಿತೆ. ಧೂಳಿಗೆ ಸೀನು ಬಂತು, ಸಿಕ್ಕಿಬಿದ್ದೆ. ನೀರಿಗೆ ಬಿದ್ದ ಮೇಲೆ ಮಾವನ ಕೊರಳನ್ನು ಹೇಗೆ ತಬ್ಬಿಕೊಂಡೆನೆಂದರೆ ಈಜು ಬಲ್ಲ ಆತನೇ ಎರಡು ಸಲ ಮುಳುಗಿ ಎದ್ದ. ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತ, “ಎಮ್ಮಿಗೆ ಯಾರೂ ಕಲಿಸಲ್ಲ, ಆದ್ರೂ ಈಜತೈತೆ. ನಿನಗೇನಾಗೈತೋ ಬಸ್ಯಾ?” ಎಂದ. ಅಲ್ಲಿಗೆ ನನ್ನ ಜಲವಿದ್ಯಾಭ್ಯಾಸ ಮುಗಿಯಿತು.

ಇಂಥವನಿಗೆ ಕೆಲಸ ಸಿಕ್ಕಿದ್ದು ಹರಿಹರದಲ್ಲಿ, ಹೊಳೆಯ ನೀರು ಅಳೆಯುವ ಸಣ್ಣದೊಂದು ಸರ್ಕಾರಿ ಕಚೇರಿಯಲ್ಲಿ. “ಹೊಳೆ ಪಕ್ಕದ ಕೆಲಸ, ಅಭ್ಯಂತರ ಇಲ್ಲವಷ್ಟೆ?” ಎಂದು ಸಂದರ್ಶನದಲ್ಲಿ ಕೇಳಿದರು. ಇದೆ ಎನ್ನಲು ಹೆದರಿಕೆಯಾಗಿ ಇಲ್ಲ ಎಂದುಬಿಟ್ಟೆ. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೆಳಿಗ್ಗೆ ದಾವಣಗೆರೆಯಲ್ಲಿ ಮಿಲ್ಲಿನ ಸೀಟಿ ಕೂಗುವ ಹೊತ್ತಿಗೆ ರೈಲು ಹತ್ತಿ ಹರಿಹರದಲ್ಲಿ ಇಳಿಯುವುದು, ಹಳೇ ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ದಡದ ಮೇಲಿಂದಲೇ ಕತ್ತು ಚಾಚಿ ನೋಡುವುದು, ಬರೆದುಕೊಳ್ಳುವುದು. ಹೊಳೆಯೊಳಗೆ ಇಳಿದು ಅಳೆಯುವ ಕೆಲಸವೆಲ್ಲ ಓವರ್ಸಿಯರ್ ರಾಯರದು ಮತ್ತು ಅಂಬಿಗರ ನಾಗಪ್ಪನದು.

ನಾಗಪ್ಪನಿಗೆ ಆಗ ಐವತ್ತು ದಾಟಿತ್ತು. ಸೇತುವೆ ಕಟ್ಟುವುದಕ್ಕೆ ಮುಂಚೆ ಊರನ್ನೆಲ್ಲ ಆಚೆ ದಡಕ್ಕೆ ದಾಟಿಸಿದ ಮನೆತನ. ಕಚೇರಿಯಲ್ಲಿ ಅವನದು ದಿನಗೂಲಿ. ಮಾತು ಕಡಿಮೆ. ಹುಟ್ಟು ಹಾಕುವಾಗ ಹೊಳೆಯನ್ನು ನೋಡುತ್ತಲೇ ಇರಲಿಲ್ಲ, ಆಕಾಶ ನೋಡುತ್ತಿದ್ದ.

ಅವನ ಹಳೇ ಮರದ ದೋಣಿ ಸೋರತೊಡಗಿದ ವರ್ಷ, ಮೇಲಿನವರು ಮುಂಬಯಿಯಿಂದ ಹೊಸ ದೋಣಿ ಕಳಿಸಿದರು. ಲಾರಿಯಿಂದ ಹುಲ್ಲು ಸರಿಸಿ ಇಳಿಸಿದಾಗ ನಾವೆಲ್ಲ ಬಾಯಿ ತೆರೆದು ನಿಂತೆವು. ಹಾಲಿನಂಥ ಬಿಳುಪು. ಒಂದು ಮೊಳೆ ಇಲ್ಲ, ಹಲಗೆ ಇಲ್ಲ, ಬೆಸುಗೆ ಇಲ್ಲ. ಮೊಟ್ಟೆಯ ಚಿಪ್ಪನ್ನು ಉದ್ದಕ್ಕೆ ಸೀಳಿ ಇಟ್ಟ ಹಾಗಿತ್ತು.

“ಇದು ಗಾಜಿನ ನಾರಿನಿಂದ ಮಾಡಿದ್ದು” ಎಂದರು ರಾಯರು, ತಾವೇ ಹಡೆದವರ ಹೆಮ್ಮೆಯಲ್ಲಿ.

“ಗಾಜಾ? ಒಡೆಯಂಗಿಲ್ಲೇನ್ರಿ?” ಎಂದ ನಾಗಪ್ಪ.

“ಕಬ್ಬಿಣ ಒಡೆದೀತು, ಇದು ಒಡೆಯಲ್ಲ.”

ನಾಗಪ್ಪ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದ. “ಇರ್ಲಿ ಬಿಡ್ರಿ. ಕೂಡಾಕ ಬಂದ್ರೆ ಸಾಕು” ಎಂದ. ನನಗೆ ಮಾತ್ರ ಅಂದಿನಿಂದ ಗಾಜು ಎಂಬ ಮಾತೇ ತಲೆಯಲ್ಲಿ ಕೂತಿತು. ನೀರಿಗೆ ಅಂಜುವವನಿಗೆ ಗಾಜಿನ ದೋಣಿ!

ನಾಲ್ಕು ತಿಂಗಳು ದೋಣಿ ಚೆನ್ನಾಗಿಯೇ ಓಡಿತು. ಬೇಸಿಗೆಯ ಕೊನೆಗೆ ರಾಯರು ರಜೆಯ ಮೇಲೆ ಹೋದರು. ಅವರು ಅತ್ತ ಹೋದದ್ದೇ ತಡ, ಇತ್ತ ಮೇಲಿಂದ ಕಾಗದ ಬಂತು. ನಡುಹೊಳೆಯ ಆಳ ಎಷ್ಟಿದೆ, ಕೂಡಲೇ ತಿಳಿಸಿ. ಕಚೇರಿಯಲ್ಲಿ ಬರೆಯಲು ಬರುವವನು ನಾನೊಬ್ಬನೇ.

“ಏನೂ ಆಗಲ್ಲ ಬಸಣ್ಣಾರೆ. ಸುಮ್ನೆ ಕೂಡ್ರಿ, ಅಷ್ಟೆ. ಎದ್ದೇಳಬ್ಯಾಡ್ರಿ” ಎಂದ ನಾಗಪ್ಪ.

ಕೂತೆ. ಎರಡೂ ಅಂಚು ಹಿಡಿದು, ಕಣ್ಣು ಅರೆ ಮುಚ್ಚಿ, ಊರ ದೇವರು ಹರಿಹರೇಶ್ವರನಿಂದ ಹಿಡಿದು ಮನೆದೇವರವರೆಗೆ ಎಲ್ಲರನ್ನೂ ಕರೆದೆ. ಆಳ ಅಳೆದಾಯಿತು, ಬರೆದಾಯಿತು. ತಿರುಗಿ ಬರುವಾಗ ಸೇತುವೆಯ ಕೆಳಗಿನ ಬಂಡೆಗಳ ಹತ್ತಿರ ನನ್ನ ಪಕ್ಕದಲ್ಲೇ ಒಂದು ನೀರುಹಾವು ತಲೆಯೆತ್ತಿತು. ವಿಷವಿಲ್ಲದ ಬಡಪಾಯಿ, ಮೀನು ಹುಡುಕಿಕೊಂಡು ಬಂದಿತ್ತು. ನಾನು ಕಿರುಚಿ ಎದ್ದು ನಾಗಪ್ಪನ ತೋಳಿನ ಮೇಲೆ ಬಿದ್ದೆ. ಹುಟ್ಟು ಅವನ ಕೈಯಿಂದ ಜಾರಿತು. ದೋಣಿ ಅಡ್ಡಡ್ಡ ತಿರುಗಿ ಬಂಡೆಗೆ ಬಡಿಯಿತು. ಹಪ್ಪಳ ಮುರಿದ ಸದ್ದು. ನೋಡಿದರೆ ನನ್ನ ಕಾಲ ಬುಡದಲ್ಲಿ ಅಂಗೈ ಅಗಲದ ಬಾಯಿ ತೆರೆದು ತುಂಗಭದ್ರೆ ಒಳಗೆ ಬರುತ್ತಿದ್ದಳು.

“ಸತ್ತೆ! ನಾಗಪ್ಪ, ಸತ್ತೆ!”

ನಾಗಪ್ಪ ಹೊಳೆಗೆ ಇಳಿದು ನಿಂತ. ನೀರು ಅವನ ಮೊಣಕಾಲಿಗಿತ್ತು. “ಇಳೀರಿ ಬಸಣ್ಣಾರೆ. ನಡ್ಕೊಂಡು ಹೋಗಾಣ” ಎಂದ.

ಇಲ್ಲಿಯವರೆಗೆ ನಗುವ ಕಥೆ. ಮುಂದಿನದನ್ನು ಹೇಳಲು ನನಗೆ ಈಗಲೂ ನಾಲಗೆ ಏಳುವುದಿಲ್ಲ.

ರಾಯರು ರಜೆ ಮುಗಿಸಿ ಬಂದು ಬೋರಲು ಹಾಕಿದ ದೋಣಿ ನೋಡಿದರು. ಮುಖ ಕೆಂಪೇರಿತು. ಯಾರನ್ನೂ ಏನೂ ಕೇಳಲಿಲ್ಲ. ಒಡೆದದ್ದು ದೋಣಿ, ನಡೆಸುವವನು ನಾಗಪ್ಪ; ಅವರ ಮಟ್ಟಿಗೆ ವಿಚಾರಣೆ ಅಲ್ಲಿಗೆ ಮುಗಿದಿತ್ತು.

“ಹಳೇ ಮರದ ದೋಣಿ ಅಂದ್ಕೊಂಡು ಬಂಡೆಗೆ ಹೊಡೆದೆಯೇನಯ್ಯಾ? ಮೇಲಿನವರಿಗೆ ಏನಂತ ಬರೀಲಿ ನಾನು? ನಾಳೆಯಿಂದ ಬರಬೇಡ ಹೋಗು.”

ನಾಗಪ್ಪ ನನ್ನ ಕಡೆ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಎಡಗಾಲಿನದು ಉಂಗುಟದ ಹತ್ತಿರ ಕಿತ್ತುಹೋಗಿತ್ತು. ಎಷ್ಟು ಹೊತ್ತು ನೋಡಿದೆನೋ, ತಲೆಯೆತ್ತುವಾಗ ನಾಗಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ.

ಆಗ ನನಗೆ ಕೆಲಸ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಅವ್ವ, ಓದುವ ಇಬ್ಬರು ತಂಗಿಯರು. ಇವನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಮರುದಿನ ಕಿಟಕಿಯಿಂದ ನೋಡಿದರೆ ನಾಗಪ್ಪ ಹೊಳೆಯ ದಂಡೆಯಲ್ಲಿ ಮರಳು ಹೊರುತ್ತಿದ್ದ. ತಲೆಯ ಮೇಲೆ ಪುಟ್ಟಿ, ಪುಟ್ಟಿಯಿಂದ ನೀರು ಬೆನ್ನಿಗೆ ಸೋರುತ್ತಿತ್ತು. ಗಾಡಿಗೆ ಸುರಿದು ಮತ್ತೆ ಇಳಿಯುವನು. ಹೊಳೆಯ ಮೇಲೆ ಆಕಾಶ ನೋಡುತ್ತ ಹೋಗುತ್ತಿದ್ದವನು ಈಗ ನೆಲ ನೋಡುತ್ತಿದ್ದ. ನನ್ನ ಮೇಜು ಆ ಕಿಟಕಿಯ ಎದುರಿಗೇ ಇತ್ತು.

ಮೂರನೆಯ ದಿನ ನನಗೊಂದು ಉಪಾಯ ಹೊಳೆಯಿತು. ದೋಣಿ ಮೊದಲಿನ ಹಾಗಾದರೆ ರಾಯರ ಸಿಟ್ಟು ಇಳಿಯುತ್ತದೆ. ಸಿಟ್ಟು ಇಳಿದರೆ ನಾಗಪ್ಪನನ್ನು ಕರೆಯುತ್ತಾರೆ. ಆಗ ನಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ. ಅಂಜುಬುರುಕನ ತಲೆ ಹೀಗೆ ಓಡುತ್ತದೆ.

“ಸಾರ್, ದೋಣಿ ನಾನು ರಿಪೇರಿ ಮಾಡಿಸ್ತೀನಿ” ಎಂದೆ.

“ಮಾಡಿಸಿ. ಹೊಸನೀರು ಬರೋದರೊಳಗೆ ಆಗಬೇಕು. ಮೊದಲ ಪ್ರವಾಹ ಅಳೆದು ಕಳಿಸಿ ಅಂತ ಆಗಲೇ ಬರೆದಿದ್ದಾರೆ.”

ದೋಣಿಯ ಜೊತೆ ಬಂದಿದ್ದ ರಿಪೇರಿ ಸಾಮಾನಿನ ತಗಡಿನ ಪೆಟ್ಟಿಗೆ ದಾವಣಗೆರೆಯ ದೊಡ್ಡ ಕಚೇರಿಯಲ್ಲಿ ಬಿದ್ದಿತ್ತು. ಅದನ್ನು ಬಿಡಿಸಿಕೊಂಡೆ. ಇನ್ನು ಕೈಕೆಲಸದವರು ಬೇಕು. ವಿನೋಬನಗರದ ಹತ್ತಿರ ಲಾರಿಗಳ ಮೈ ತಿದ್ದಿ ಬಣ್ಣ ಹೊಡೆಯುವ ಖಾದರ್ ಸಾಹೇಬರಿದ್ದರು. ತೆಳ್ಳಗೆ, ಎತ್ತರಕ್ಕೆ, ಗಡ್ಡದಲ್ಲಿ ಯಾವಾಗಲೂ ಯಾವುದೋ ಲಾರಿಯ ಬಣ್ಣ. ದೋಣಿಯ ವಿಷಯ ಹೇಳಿದೆ.

“ಅರೆ ಸ್ವಾಮಿ, ನಾನು ಹೊಳೆ ಗಾಡಿ ಕೆಲ್ಸ ಮಾಡಿಲ್ಲ. ಆದ್ರೆ ಪೆಟ್ಟು ಅಂದ್ರೆ ಪೆಟ್ಟೇ. ಕಾಗ್ದ ಏನು ಹೇಳ್ತೈತೆ, ಓದ್ರಿ.”

ಪೆಟ್ಟಿಗೆಯಲ್ಲಿ ಗಾಜಿನ ನಾರಿನ ಹಾಳೆಗಳಿದ್ದವು, ಬಿಳಿ ಕೂದಲನ್ನು ತಟ್ಟಿ ಚಾಪೆ ಮಾಡಿದ ಹಾಗೆ. ಜೇನಿನಂಥ ರಾಳದ ಡಬ್ಬಿ; ಮುಚ್ಚಳ ತೆಗೆದರೆ, ಮೊನ್ನೆ ಆ ಅಂಗಡಿಯ ಮುಂದೆ ಬಂದ ಅದೇ ವಾಸನೆ. ಎರಡು ಸಣ್ಣ ಬಾಟಲಿ, ಒಂದರಲ್ಲಿ ನೇರಳೆ ದ್ರವ, ಇನ್ನೊಂದರಲ್ಲಿ ನೀರಿನಂಥದು. ಇಂಗ್ಲಿಷಿನ ಕಾಗದ ಓದುತ್ತ ಓದುತ್ತ ನನ್ನ ದನಿ ಸಣ್ಣಗಾಯಿತು. ನೇರಳೆಯದನ್ನು ಮೊದಲು ರಾಳಕ್ಕೆ ಕಲಸಬೇಕು. ಅದು ಪೂರ್ತಿ ಬೆರೆತ ಮೇಲೆ ನೀರಿನಂಥದನ್ನು ಹನಿಹನಿಯಾಗಿ ಹಾಕಬೇಕು, ಆಗ ರಾಳ ಗಟ್ಟಿಯಾಗುತ್ತದೆ. ಆದರೆ ಈ ಎರಡು ಬಾಟಲಿಯ ದ್ರವಗಳು ಎಂದೂ ನೇರವಾಗಿ ಒಂದಕ್ಕೊಂದು ತಾಗಕೂಡದು. ತಾಗಿದರೆ ಸಿಡಿಯುತ್ತದೆ.

“ಸಿಡೀತೈತಾ?” ಎಂದರು ಸಾಹೇಬರು.

“ಸಿಡೀತದಂತೆ.”

“ಹಂಗಾರೆ ಎರಡನ್ನೂ ಬ್ಯಾರೆ ಬ್ಯಾರೆ ಒಯ್ಯಣ” ಎಂದು ಅವರು ತಣ್ಣಗೆ ನೇರಳೆ ಬಾಟಲಿಯನ್ನು ಜುಬ್ಬದ ಜೇಬಿಗೆ ಇಳಿಸಿದರು.

ನನಗೆ ಬೇರೆ ಬೇರೆ ಜೇಬು ಸಾಲಲಿಲ್ಲ. ರೈಲಿನಲ್ಲಿ ಅವರನ್ನು ಇಂಜಿನ್ನಿನ ಪಕ್ಕದ ಡಬ್ಬಿಯಲ್ಲಿ ಕೂರಿಸಿ, ನಾನು ಇನ್ನೊಂದು ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡು ಕಟ್ಟಕಡೆಯ ಡಬ್ಬಿಯಲ್ಲಿ ಕೂತೆ. ಒಂದೊಂದು ಕುಲುಕಿಗೂ ಪ್ರಾಣ ಹೋಗಿ ಬರುತ್ತಿತ್ತು. ಎದುರಿಗಿದ್ದ ಮುದುಕಿ, “ಕೂಸಾ ತಮ್ಮಾ? ಉಸಿರು ಕಟ್ಟೀತು, ಮುಖ ತೆಗಿ” ಎಂದಳು. ಹರಿಹರದಲ್ಲಿ ಇಳಿದ ಮೇಲೂ ನಾವು ರಸ್ತೆಯ ಆ ಬದಿ ಒಬ್ಬರು, ಈ ಬದಿ ಒಬ್ಬರು ನಡೆದೆವು. ಜಗಳವಾಡಿಕೊಂಡ ಬೀಗರ ಹಾಗೆ ಕಾಣುತ್ತಿದ್ದೆವೋ ಏನೋ.

ಖಾದರ್ ಸಾಹೇಬರು ದೋಣಿಯ ಸುತ್ತ ಮೂರು ಸಲ ಸುತ್ತಿ ಬಂದರು. ಮೂಲೆಯಿಂದ ಮೂಲೆಗೆ ನಾಣ್ಯದಿಂದ ತಟ್ಟಿದರು. ಟಣ್ ಟಣ್ ಎನ್ನುತ್ತಿದ್ದ ದೋಣಿ ತೂತಿನ ಹತ್ತಿರ ಬಂದಾಗ ಥಪ್ ಥಪ್ ಎಂದಿತು. ಆ ಸದ್ದು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಸೀಸದ ಕಡ್ಡಿಯಿಂದ ಗೆರೆ ಎಳೆದರು. ಅಂಗೈ ಅಗಲದ ತೂತಿಗೆ ಮೊರದಗಲದ ಗೆರೆ.

“ಇಷ್ಟೂ ತೆಗೀಬೇಕು.”

“ಸಾಹೇಬ್ರೆ, ತೂತು ಸಣ್ಣದೈತಲ್ಲ!”

“ಕಣ್ಣಿಗೆ ಸಣ್ಣದು. ಒಳಗೆ ಪದರ ಪದರ ಬಿಟ್ಟೈತೆ. ಮ್ಯಾಲೆ ಅಂಟು ಬಳದ್ರೆ ನಾಕು ದಿನ ಇರ್ತೈತೆ, ನಡುಹೊಳ್ಯಾಗೆ ಕೈ ಕೊಡ್ತೈತೆ.”

ಗರಗಸದ ಅಲಗಿನಿಂದ ಸಡಿಲವಾದದ್ದನ್ನೆಲ್ಲ ಕೊಯ್ದು ತೆಗೆದರು. ರಾಯರು ಮಹಡಿಯ ಮೇಲಿಂದ ಇಣುಕಿ, “ರೀ ಬಸವರಾಜ್, ರಿಪೇರಿ ಮಾಡಿಸ್ತಿದ್ದೀರೋ ಇನ್ನೂ ಒಡೆಸ್ತಿದ್ದೀರೋ?” ಎಂದು ಕೂಗಿದರು. ಆಮೇಲೆ ಸಾಹೇಬರು ತೂತಿನ ಅಂಚನ್ನು ಅರದಿಂದಲೂ ಉಪ್ಪುಕಾಗದದಿಂದಲೂ ತಿಕ್ಕಿ ತಟ್ಟೆಯ ಅಂಚಿನ ಹಾಗೆ ಇಳಿಜಾರು ಮಾಡಿದರು. ಹೊಸ ಪದರ ಹಳೆಯದರ ಮೇಲೆ ಹತ್ತಿ ಹಿಡಿದುಕೊಳ್ಳಲು ಜಾಗ ಬೇಕಂತೆ. ಎರಡು ದಿನ ತಿಕ್ಕಿದ ಗಾಜಿನ ಪುಡಿ ನನ್ನ ಮೈಗೆಲ್ಲ ಹತ್ತಿತು. ನಾನು ಕೆರೆದುಕೊಳ್ಳುವುದನ್ನು ಕಂಡು ಅವ್ವ, “ಹರಿಹರದಿಂದ ಹುರುಕು ಹಚ್ಕೊಂಡು ಬಂದ್ಯಲ್ಲೋ” ಎಂದು ಬೇವಿನ ಎಲೆ ಕುದಿಸಿ ಸುರಿದಳು.

ತಿಕ್ಕುತ್ತಿರುವಾಗ ಸಾಹೇಬರು ಕೇಳಿದರು. “ಹೆಂಗೊಡೀತು ಇದು?”

“ಅಂಬಿಗ ಬಂಡೆಗೆ ಹೊಡೆದ” ಎಂದೆ. ಸುಳ್ಳನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಸುಮ್ಮನಿದ್ದೆ, ಅಷ್ಟೆ.

ಸಾಹೇಬರು ಅಂಚಿನ ಮೇಲೆ ಬೆರಳಾಡಿಸಿದರು. “ಇಪ್ಪತ್ತೈದು ವರ್ಷದಿಂದ ಪೆಟ್ಟು ನೋಡ್ತಾ ಬಂದೀನಿ ಸ್ವಾಮಿ. ಮುಂದಕ್ಕೆ ಹೋಗ್ತಾ ಹೊಡದಿದ್ರೆ ಮೂತಿ ಒಡೀತಿತ್ತು. ಇದು ಪಕ್ಕದ ಪೆಟ್ಟು. ಗಾಡಿ ಅಡ್ಡ ತಿರುಗೈತೆ. ಒಳಗೆ ಯಾರೋ ಎದ್ದು ಕುಣದಾರೆ.”

ನನ್ನ ಕೈ ನಿಂತಿತು. ಅವರು ಮತ್ತೆ ತಿಕ್ಕತೊಡಗಿದರು. ಆ ಸದ್ದಿನಾಚೆ ದಂಡೆಯಲ್ಲಿ ಮರಳಿನ ಪುಟ್ಟಿ ಗಾಡಿಗೆ ಬೀಳುವುದು ಕೇಳುತ್ತಿತ್ತು.

ರಾಳ ಕಲಸುವ ದಿನ ಬಂತು. ಕಾಗದ ಓದುವವನು ನಾನು, ಕಲಸುವವರು ಅವರು. ನೇರಳೆ ದ್ರವ ಹಾಕಿ ಕಲಸಿದೆವು. ಆ ಬಾಟಲಿಯನ್ನು ನಾನೇ ಓಡುತ್ತ ಹೋಗಿ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದೆ. ಆಮೇಲೆ ಇನ್ನೊಂದನ್ನು ತೆಗೆದೆವು. ಹನಿ ಎಣಿಸುವಾಗ ನನ್ನ ಕೈ ನಡುಗಿ ಎರಡು ಪಾಲು ಬಿತ್ತು. ಮಗ್ಗಿನೊಳಗಿನ ರಾಳ ಮೊದಲು ಬೆಚ್ಚಗಾಯಿತು, ನೋಡನೋಡುತ್ತಿದ್ದಂತೆ ಮುಟ್ಟಲಾರದಷ್ಟು ಬಿಸಿಯಾಯಿತು, ಹೊಗೆ ಎದ್ದಿತು. ನಾನು ಓಟ ಕಿತ್ತೆ. ಓಡಿದ ದಾರಿ ಹೊಳೆಯ ಕಡೆಗಿತ್ತು. ನೀರಿಗೆ ಎರಡು ಮಾರು ಇರುವಾಗ ಅದು ಹೊಳೆಯೆಂದು ನೆನಪಾಗಿ ಅಲ್ಲೇ ನಿಂತೆ. ಹಿಂದೆ ಬೆಂಕಿ, ಮುಂದೆ ನೀರು. ತಿರುಗಿ ನೋಡಿದರೆ ಸಾಹೇಬರು ಮಗ್ಗನ್ನು ಕೋಲಿನಿಂದ ಮರಳಿಗೆ ತಳ್ಳಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ರಾಳ ಮಗ್ಗಿನ ಸಮೇತ ಕಲ್ಲಾಗಿತ್ತು.

“ಬರ್ರಿ ಸ್ವಾಮಿ. ಎಲ್ಲಿಗೆ ಓಡ್ತೀರಿ? ಸ್ವಲ್ಪ ಸ್ವಲ್ಪ ಕಲಸಾಣ. ಜಲ್ದಿ ಬ್ಯಾಡ.”

ಹೊರಗಿನಿಂದ ತೂತಿಗೆ ಮೇಣದ ಕಾಗದ ಹೊದಿಸಿದ ತಗಡು ಒತ್ತಿ ಕಟ್ಟಿದೆವು. ಒಳಗಿನಿಂದ ಮೊದಲು ಸಣ್ಣ ಹಾಳೆ, ಅದರ ಮೇಲೆ ಸ್ವಲ್ಪ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು. ಪ್ರತಿಯೊಂದನ್ನೂ ರಾಳದಲ್ಲಿ ನೆನೆಸಿ, ಬ್ರಷ್ಷಿನಿಂದ ಕುಕ್ಕಿ ಕುಕ್ಕಿ ಗಾಳಿಯ ಗುಳ್ಳೆ ಓಡಿಸುವುದು. ಒಂದು ಗುಳ್ಳೆ ಉಳಿದರೂ ನೀರು ಅಲ್ಲಿಂದಲೇ ದಾರಿ ಹುಡುಕುತ್ತದೆ ಎಂದರು ಸಾಹೇಬರು. ಅಂದಿನಿಂದ ಗುಳ್ಳೆಗಳು ನನ್ನ ಕನಸಿಗೂ ಬಂದವು.

ಐದನೆಯ ಪದರ ಹಾಕುವ ಹೊತ್ತಿಗೆ ಆಕಾಶ ಮಸುಕಾಗಿ ಜಿಟಿಜಿಟಿ ಶುರುವಾಯಿತು. ಗೋಣಿತಟ್ಟು ಕಟ್ಟಿ ಮರೆ ಮಾಡಿದೆವು. ಆದರೆ ತಂಡಿಗೆ ರಾಳ ಗಟ್ಟಿಯಾಗಲೊಲ್ಲದು. ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಕೆಂಡ ಇಡೋಣವೆಂದರೆ ರಾಳದ ಆವಿಗೆ ಬೆಂಕಿ ಹತ್ತುತ್ತದೆ ಎಂದು ಕಾಗದ ಹೆದರಿಸುತ್ತಿತ್ತು. ಸಾಹೇಬರು ಯೋಚನೆ ಮಾಡಿ ದೂರದಲ್ಲಿ ಒಲೆ ಹೂಡಿದರು. ಬಾಣಲೆಯಲ್ಲಿ ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಣಂತಿಗೆ ಶಾಖ ಕೊಡುವ ಹಾಗೆ ದೋಣಿಯ ಹೊರಮೈಗೆ ಇಟ್ಟು ತೆಗೆದು ಇಟ್ಟು ತೆಗೆದು ಮಾಡಿದರು. ಒಣಮರಳು ಬೇಕಿತ್ತು. ದಂಡೆಯಲ್ಲಿ ಕೇಳಲು ನನ್ನನ್ನೇ ಕಳಿಸಿದರು.

ನಾಗಪ್ಪ ತಟ್ಟಿನಡಿ ಮುಚ್ಚಿಟ್ಟಿದ್ದ ಒಣಮರಳಿನಿಂದ ಒಂದು ಪುಟ್ಟಿ ತುಂಬಿ ಕೊಟ್ಟ. ತಲೆಗೆ ಹೊರಿಸುವಾಗ, “ಭಾರ ಐತೆ, ನೋಡ್ಕೊಂಡು ನಡೀರಿ” ಎಂದ. ಅದಕ್ಕೆ ನಾನು ಹೂಂ ಎಂದೆ. ಹೇಳಬೇಕಾದ್ದು ನನ್ನ ಜೊತೆ ದಂಡೆಯವರೆಗೆ ಹೋಯಿತು. ಪುಟ್ಟಿಯ ಜೊತೆ ವಾಪಸು ಬಂತು.

ತೇಪೆ ಕಲ್ಲಾಯಿತು. ಸಾಹೇಬರು ತಗಡು ಬಿಚ್ಚಿ, ಹೊರಗಿನ ಉಬ್ಬು ತಗ್ಗು ತಿದ್ದಿ, ಬಿಳಿ ರಾಳದ ಲೇಪ ಕೊಟ್ಟು, ನೀರು ಹಾಕಿ ಸಣ್ಣ ಉಪ್ಪುಕಾಗದದಿಂದ ತಿಕ್ಕಿ, ಮೇಣ ಹಚ್ಚಿ ಉಜ್ಜಿದರು. ತೂತಾಗಿದ್ದ ಜಾಗ ಯಾವುದೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬೆರಳಿಗೂ ತಿಳಿಯುತ್ತಿರಲಿಲ್ಲ. ನಾಣ್ಯದಿಂದ ತಟ್ಟಿದರೆ ಟಣ್.

ರಾಯರು ಖುಷಿಯಾದರು. ನನ್ನ ಬೆನ್ನು ತಟ್ಟಿದರು. ಆದರೆ ನಾಗಪ್ಪನ ಹೆಸರೆತ್ತಲಿಲ್ಲ. ನಾನು ಹೇಗೋ ಧೈರ್ಯ ಮಾಡಿ, “ನಾಗಪ್ಪನ್ನ ಕರೀಬಹುದಲ್ಲ ಸಾರ್” ಎಂದೆ.

“ಇಷ್ಟು ಕಷ್ಟಪಟ್ಟು ಸರಿ ಮಾಡಿಸಿದ್ದನ್ನ ಮತ್ತೆ ಅವನ ಕೈಗೆ ಕೊಡೋದೇ? ಬೇರೆಯವನನ್ನ ನೋಡಿ.”

ನನ್ನ ಉಪಾಯ ಅಲ್ಲಿಗೆ ಮುಳುಗಿತು.

ಮರುವಾರವೇ ಮಲೆನಾಡಿನ ಕಡೆ ಮಳೆ ಹಿಡಿದು ಕೆಂಪು ನೀರು ಬಂತು. ಒಂದೇ ಬೆಳಗಿನಲ್ಲಿ ಬಂಡೆಗಳು ಮರೆಯಾದವು. ಹೊಳೆಯ ಮೇಲೆ ಬೇರು ಸಮೇತ ಮರಗಳು ಬರುತ್ತಿದ್ದವು. ಅಂಥ ನೀರಿಗೆ ದೋಣಿ ಇಳಿಸಲು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ರಾಯರೇ ದಂಡೆಗೆ ಹೋಗಿ, “ಇವತ್ತೊಂದು ದಿನದ ಮಟ್ಟಿಗೆ ಬಾರಯ್ಯ” ಎಂದು ನಾಗಪ್ಪನನ್ನು ಕರೆತಂದರು.

“ನೀವೂ ಹತ್ತಿ ಬಸವರಾಜ್. ತೇಪೆ ನಿಮ್ಮದು. ಬರೆದುಕೊಳ್ಳೋರೂ ನೀವೇ.”

ಆರೋಗ್ಯ ಸರಿಯಿಲ್ಲ ಎನ್ನಲು ಬಾಯಿ ತೆರೆದೆ. ರಾಯರು ಆಗಲೇ ಹತ್ತಿ ಕೂತಿದ್ದರು, ನಾಗಪ್ಪ ದೋಣಿಯೊಳಗೆ ನಿಂತು ಕೈ ಚಾಚಿದ್ದ. ಹತ್ತಿದೆ. ತೇಪೆಯ ಮೇಲೆಯೇ ಕಾಲಿಟ್ಟು ಕೂತೆ. ಬಿಟ್ಟುಕೊಂಡರೆ ಮೊದಲು ನನಗೆ ತಿಳಿಯಲಿ ಎಂದು. ತೇಪೆ ತಡೆಯುತ್ತದೋ ನೋಡಲೆಂದೇ ಬಂದಿದ್ದ ಖಾದರ್ ಸಾಹೇಬರು ದಡದಲ್ಲಿ ಎರಡೂ ಅಂಗೈ ಮೇಲೆತ್ತಿ ಏನೋ ಬೇಡಿಕೊಳ್ಳುತ್ತಿದ್ದರು. ಕೆಲಸ ಮಾಡಿದವರೇ ದೇವರ ಮೊರೆ ಹೋಗುವುದನ್ನು ನೋಡಿ ನನಗೆ ಉಳಿದಿದ್ದ ಧೈರ್ಯವೂ ಹೋಯಿತು.

ಸೇತುವೆಯ ಕಂಬದ ಕಬ್ಬಿಣದ ಬಳೆಯಿಂದ ಇಳಿಬಿಟ್ಟ ಹಗ್ಗ ದೋಣಿಗೆ ಬಿಗಿದಿತ್ತು. ಆದರೂ ನಡುಹೊಳೆಗೆ ಬಂದಾಗ ನೀರು ದೋಣಿಯನ್ನು ಹಿಡಿದು ಅಲುಗಿಸಿತು, ಬೆಕ್ಕು ಇಲಿಯನ್ನು ಅಲುಗಿಸುವ ಹಾಗೆ. ಸದ್ದು ಎಂಥದೆಂದರೆ ರಾಯರು ಕೂಗಿ ಹೇಳುವ ಅಂಕಿಗಳು ಅರ್ಧ ಕೇಳುತ್ತಿರಲಿಲ್ಲ. ದೋಣಿಯ ತಳ ನನ್ನ ಪಾದದಡಿ ಜೀವವಿದ್ದಂತೆ ಮಿಡಿಯುತ್ತಿತ್ತು. ಒಂದು ಮರದ ಬೊಡ್ಡೆ ಪಕ್ಕಕ್ಕೆ ತಾಗಿ ಹೋಯಿತು. ಢಮ್ ಎಂದಿತು. ಮರುಕ್ಷಣ ನನ್ನ ಪಾದ ತಣ್ಣಗಾಯಿತು. ಬಗ್ಗಿ ನೋಡಿದೆ. ನೀರು. ಬೆರಳ ಸಂದಿಯಿಂದ ಹರಿದು ತೇಪೆಯ ಮೇಲೆ ಹರಡುತ್ತಿತ್ತು.

“ನೀರು ಬಂತು! ಸಾರ್, ನೀರು ಬಂತು!” ಎಂದು ಕಿರುಚಿದೆ. ಆಮೇಲೆ ಏನಾಯಿತೋ ನನಗೆ ತಿಳಿಯದು. ಬಾಯಿ ತಾನೇ ಓಡಿತು. “ನಾಗಪ್ಪ ಒಡದಿಲ್ಲ ಸಾರ್! ನಾನೇ ಒಡದಿದ್ದು! ಹಾವಿಗೆ ಹೆದರಿ ಎದ್ದು ಅವನ ಮೈಮೇಲೆ ಬಿದ್ದೆ! ನಾನೇ ಸಾರ್, ನಾನೇ!”

ರಾಯರು ನನ್ನ ಕಾಲ ಬುಡ ನೋಡಿದರು. ತಮ್ಮ ಹಿಂದೆ ನೋಡಿದರು. ಕುಡಿಯಲೆಂದು ತಂದಿದ್ದ ಮಣ್ಣಿನ ಹೂಜಿ ಬೊಡ್ಡೆ ತಾಗಿದ ಹೊಡೆತಕ್ಕೆ ಉರುಳಿ, ಅದರ ಬಾಯಿಂದ ಇನ್ನೂ ಗುಳುಗುಳು ನೀರು ಬರುತ್ತಿತ್ತು.

ರಾಯರು ಮೊದಲು ನಕ್ಕರು. ನಗು ಅರ್ಧಕ್ಕೆ ನಿಂತಿತು. “ಏನಂದಿರಿ?” ಎಂದರು.

ನಾಗಪ್ಪ ನಮ್ಮಿಬ್ಬರನ್ನೂ ನೋಡಲಿಲ್ಲ. “ಈಗ ಮಾತು ಬ್ಯಾಡ. ಎದ್ದೇಳಬ್ಯಾಡ್ರಿ ಯಾರೂ. ನಿಮ್ಮ ಕೆಲ್ಸ ಮುಗುಸ್ರಿ ಮೊದ್ಲು” ಎಂದ. ಹುಟ್ಟು ಹಿಡಿದ ತೋಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಅಳತೆ ಮುಗಿಯಿತು. ತೇಪೆಯಿಂದ ಒಂದು ಹನಿಯೂ ಒಳಗೆ ಬರಲಿಲ್ಲ.

ದಡ ಸೇರಿದ ಮೇಲೆ ಖಾದರ್ ಸಾಹೇಬರು ಬಂದು ತೇಪೆಯ ಮೇಲೆ ಅಂಗೈ ಇಟ್ಟು ನೋಡಿ, ನಮ್ಮ ಮುಖಗಳನ್ನು ನೋಡಿ, ಏನೋ ಆಗಿದೆ ಎಂದುಕೊಂಡು ದೂರ ಸರಿದರು. ದೋಣಿ ಎಳೆದು ಕಟ್ಟುತ್ತ ನಾಗಪ್ಪ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, “ಹೂಜಿ ಉರುಳದಿದ್ರೆ ನೀವು ಹೇಳ್ತಿದ್ದಿಲ್ಲ” ಎಂದ.

ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುವಂತಿದೆ ಎಂದು ಹೇಳಿದ ಹಾಗೆ ಹೇಳಿದ.

ಕಚೇರಿಯಲ್ಲಿ ರಾಯರು ಕುರ್ಚಿಯಲ್ಲಿ ಕೂತು ನನ್ನನ್ನು ನಿಲ್ಲಿಸಿದರು. “ಹೊಳೆಯ ಮೇಲೆ ಹೆದರಿ ಏನೇನೋ ಅಂದಿರಿ. ಹೆದರಿದವರ ಮಾತು ನಾನು ಹಿಡಿಯೋದಿಲ್ಲ. ಮೇಲಕ್ಕೆ ಆಗಲೇ ನಾಗಪ್ಪನ ಹೆಸರು ಬರೆದಿದ್ದೇನೆ. ಬದಲಾಯಿಸಬೇಕು ಅಂದರೆ ನೀವು ಬರೆದು ಕೊಡಬೇಕು. ಖಾಯಂ ಆಗೋದು ತಡವಾಗಬಹುದು, ಆಗದೆಯೂ ಹೋಗಬಹುದು. ಬೇಡ ಅಂದರೆ ನಾನೇನೂ ಕೇಳಿಸಿಕೊಂಡಿಲ್ಲ. ಯೋಚನೆ ಮಾಡಿ.”

ನೋಡಿ, ಈಗ ನನ್ನ ಕಾಲ ಕೆಳಗೆ ಗಟ್ಟಿ ನೆಲವಿತ್ತು. ಹೂಜಿಯ ವಿಷಯವೂ ಗೊತ್ತಿತ್ತು. ಬಾಗಿಲೂ ತೆರೆದಿತ್ತು. ನಿಜ ಹೇಳುತ್ತೇನೆ, ನಡುಹೊಳೆಯಲ್ಲಿ ಆದ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಅವ್ವನ ಮುಖ ಬಂತು, ತಂಗಿಯರ ಪುಸ್ತಕ ಬಂತು. ಕಿಟಕಿಯಾಚೆ ಮರಳಿನ ಗಾಡಿ ನಿಂತಿತ್ತು, ಎತ್ತು ಬಾಲ ಬೀಸುತ್ತಿತ್ತು. ನಾಗಪ್ಪ ಹೊಸ್ತಿಲ ಆಚೆ ಒದ್ದೆ ಟವೆಲ್ಲು ಹಿಂಡುತ್ತ ನಿಂತಿದ್ದ.

ಕಾಗದ ತೆಗೆದುಕೊಂಡು ಕೂತೆ. ಕೈ ಎಷ್ಟು ನಡುಗಿತೆಂದರೆ ಬರೆದದ್ದನ್ನು ರಾಯರು ಹಿಂದೆ ಮುಂದೆ ತಿರುಗಿಸಿ, “ಇದು ಕನ್ನಡವೇನ್ರೀ? ಇನ್ನೊಂದು ಬರೀರಿ” ಎಂದರು. ಇನ್ನೊಂದು ಬರೆದೆ. ಅದರ ಮೇಲೆ ಶಾಯಿ ಚೆಲ್ಲಿತು. ಮೂರನೆಯದನ್ನು ಬರೆಯುವ ಹೊತ್ತಿಗೆ, ಒಂದೇ ತಪ್ಪನ್ನು ಮೂರು ಸಲ ಒಪ್ಪಿಕೊಂಡು, ಕೈ ತಹಬಂದಿಗೆ ಬಂದಿತ್ತು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಲಿಂದ ನನಗೊಂದು ಖಾರವಾದ ಎಚ್ಚರಿಕೆಯ ಪತ್ರ ಬಂತು. ಖಾಯಂ ಆಗಲು ಇನ್ನೂ ಎರಡು ವರ್ಷ ಹಿಡಿಯಿತು. ನಾಗಪ್ಪ ಮರುದಿನದಿಂದಲೇ ಕೆಲಸಕ್ಕೆ ಬಂದ. ಆದರೆ ನನ್ನೊಡನೆ ಮೊದಲಿನ ಹಾಗೆ ಮಾತಾಡಲು ಆ ಮಳೆಗಾಲ ಪೂರ್ತಿ ಕಳೆಯಬೇಕಾಯಿತು. ಅದು ನ್ಯಾಯವೇ.

ಆ ದಿನ ಮಾತ್ರ, ರಾಯರು ಮೂರನೆಯ ಕಾಗದ ಓದಿ ಸರಿ ಎಂದು ತಲೆಯಾಡಿಸಿದಾಗ, ನಾಗಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಅವನಿಗೆ ಓದು ಬಾರದು.

“ಏನು ಬರದೀರಿ, ಓದಿ ಹೇಳ್ರಿ” ಎಂದ.

ಓದಿದೆ. ಹಾವು, ನನ್ನ ಕಿರುಚಾಟ, ಜಾರಿದ ಹುಟ್ಟು, ಆಮೇಲೆ ನಾನು ಸುಮ್ಮನಿದ್ದದ್ದು, ಎಲ್ಲ. ಕೊನೆಯ ಸಾಲು ಹೀಗಿತ್ತು: “ಇದರಲ್ಲಿ ಅಂಬಿಗರ ನಾಗಪ್ಪನವರ ತಪ್ಪು ಏನೂ ಇರುವುದಿಲ್ಲ.”

“ನನ್ನ ಹೆಸ್ರು ಎಲ್ಲೈತೆ? ತೋರಿಸ್ರಿ.”

ತೋರಿಸಿದೆ. ಅವನು ಬಲಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, ಶಾಯಿ ಆರಿದೆಯೇ ಎಂದು ನನ್ನ ಮುಖ ನೋಡಿದ. ಆರಿದೆ ಎಂದೆ. ಆಗ ತೋರುಬೆರಳನ್ನು ಆ ಅಕ್ಷರಗಳ ಮೇಲೆ ಇಟ್ಟು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಎಳೆದ.